ಮಡಿ ಹಿಡಿದ ಕಂಪ್ಯೂಟರು

"ವಿಶಾಲೂ, ಇನ್ನು ಮೇಲೆ ನಿನ್ನ ಕಂಪ್ಯೂಟರಿನ ಹತ್ತಿರ ಒಂದು ಸೊಳ್ಳೆ ಸುಳಿದರೆ ನನ್ನ ಹೆಸರು ತ್ರಿವಿಕ್ರಮ ರಾವ್ ಅಲ್ಲ!"

ಹೀಗೆಂದು ನಮ್ಮ ವಿಕ್ರಮಣ್ಣನವರು ಮೂರು ಡಬ್ಬಿಯ ಹಿತ್ತಾಳೆ ಟಿಫಿನ್ ಕ್ಯಾರಿಯರೊಂದನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಒಳಗೆ ಚಿತ್ರಾನ್ನವಿರಬೇಕೆಂದು ನಾನು ಆಸೆಯಿಂದ ನೋಡಿದೆ. ಮೇಲಿನ ಡಬ್ಬಿಯಲ್ಲಿ ಒಂದು ಕೆಂಪು ದೀಪ, ಒಂದು ಹಸಿರು ದೀಪ. ನಡುವಿನ ಡಬ್ಬಿಯಲ್ಲಿ ಮೈಕು ಮತ್ತು ಸ್ಪೀಕರು. ಕೆಳಗಿನ ಡಬ್ಬಿಯಿಂದ ಜಡೆಯಷ್ಟು ದಪ್ಪ ವೈರುಗಳ ಕಂತೆ ಹೊರಬಂದಿತ್ತು. ನನ್ನ ಆಸೆ ಅಲ್ಲಿಗೇ ಬತ್ತಿತು.

ವಿಕ್ರಮಣ್ಣನವರು ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ನನ್ನ ಫೋಟೋ ಸ್ಟುಡಿಯೋ ಇರುವುದು ಅವರದೇ ಕಟ್ಟಡದ ಕೆಳಗಿನ ಮಳಿಗೆಯಲ್ಲಿ. ಮೇಲಿನ ಮನೆಯಲ್ಲಿ ಅವರು, ಅವರ ಸೋದರತ್ತೆ ಗೋದತ್ತೆ, ಮತ್ತು ಲೆಕ್ಕವಿಲ್ಲದಷ್ಟು ಸಂಶೋಧನೆಗಳು ವಾಸವಾಗಿವೆ. ಹಿಂದಿನ ಸಂಶೋಧನೆಯಾದ ಸ್ವಯಂಚಾಲಿತ ತುರಿಮಣೆ ಈಗ ಹಿತ್ತಿಲ ಬಾವಿಯ ತಳದಲ್ಲಿದೆ. ಅದು ತಾನೇ ನಡೆದುಹೋಗಿ ಬಿದ್ದಿತೋ, ಗೋದತ್ತೆ ಎತ್ತಿ ಹಾಕಿದರೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮಳಿಗೆಯ ಮಾಲೀಕರಾದ್ದರಿಂದ ಅವರು ಏನು ತಂದರೂ ನಾನು "ಭೇಷ್!" ಅನ್ನಲೇಬೇಕು.

ಈ ಸಲದ ತಪ್ಪು ಮಾತ್ರ ನನ್ನದೇ. ಯಾವ ಆಂಟಿವೈರಸ್ ಹಾಕಲಿ ಎಂದು ಕೇಳಿದ್ದು ನಾನೇ!

ನಮ್ಮ ಕಸುಬೇ ಅಂಥದ್ದು. ಊರಿನ ಅಷ್ಟೂ ಪೆನ್‌ಡ್ರೈವುಗಳು ನನ್ನ ಕಂಪ್ಯೂಟರಿಗೆ ಒಂದು ಸಲ ಬಾಯಿ ಹಾಕಿಯೇ ಹೋಗುತ್ತವೆ. ಎಲ್ಲೆಲ್ಲಿಯ ರೋಗವೆಲ್ಲ ನಮ್ಮಲ್ಲಿಗೆ ಬರುತ್ತದೆ. ಕಂಪ್ಯೂಟರ್ ಅಂಗಡಿಯವನು ದುಡ್ಡು ಕೊಟ್ಟು ಕೊಳ್ಳುವುದೇ ಒಳ್ಳೆಯದು ಎಂದ. ನಮ್ಮ ಭಾವ ಪುಕ್ಕಟೆಯದೇ ಸಾಕು ಎಂದರು. ಜೆರಾಕ್ಸ್ ಅಂಗಡಿಯವಳು ಬೇರೆಯದೇ ಒಂದರ ಹೆಸರು ಹೇಳಿದಳು. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಾನು ಮೂರನ್ನೂ ಹಾಕಿದೆ. ಮೊದಲನೆಯದು ಎರಡನೆಯದನ್ನು ಕಳ್ಳನೆಂದು ಹಿಡಿಯಿತು, ಮೂರನೆಯದು ಇಬ್ಬರನ್ನೂ ಹಿಡಿಯಿತು. ನಿಜವಾದ ಕಳ್ಳ ನಡುಮನೆಯಲ್ಲಿ ಕಾಲು ಚಾಚಿ ಮಲಗಿದ್ದ.

"ಈ ಕಂಪನಿಯವರಿಗೆ ಕಾವಲು ಅಂದ್ರೆ ಏನು ಗೊತ್ತು?" ಎಂದು ವಿಕ್ರಮಣ್ಣ ಬಿಳಿ ಮೀಸೆ ಕುಣಿಸುತ್ತಾ ಗುಡುಗಿದರು. "ನಮ್ಮ ಗೋದತ್ತೆಯ ಅಡುಗೆಮನೆಗೆ ಇವತ್ತಿನವರೆಗೂ ಅಪ್ಪಣೆ ಇಲ್ಲದೆ ಕಾಲಿಟ್ಟ ಒಂದು ಪ್ರಾಣಿ ತೋರಿಸು ನೋಡೋಣ! ಮಡಿ ಅನ್ನೋದೇ ಪ್ರಪಂಚದ ಮೊದಲನೇ ಆಂಟಿವೈರಸ್ಸು ಕಣಮ್ಮ!"

ಅವರು ಒಂದು ತಿಂಗಳು ಅಡುಗೆಮನೆಯ ಬಾಗಿಲಲ್ಲಿ ಮೈಕು ಹಿಡಿದು ಕೂತು, ಗೋದತ್ತೆಯ ಗದರಿಕೆ, ವಿಚಾರಣೆ, ಶಾಸ್ತ್ರ ಎಲ್ಲವನ್ನೂ ಈ ಡಬ್ಬಿಗೆ ತುಂಬಿದ್ದರಂತೆ. ಅದರ ಮೇಲೆ ತಮ್ಮ ಕಡೆಯಿಂದ ರೈಲ್ವೆಯ ನಿಯಮವೊಂದನ್ನೂ ಸೇರಿಸಿದ್ದರು: ಅನುಮಾನ ಬಂದರೆ ಕೆಂಪು ದೀಪ, ವೈರು ಕಿತ್ತರೂ ಕೆಂಪು ದೀಪ. ಕೆಂಪು ಬಿದ್ದರೆ ಕಂಪ್ಯೂಟರಿನ ಎಲ್ಲ ಬಾಗಿಲೂ ಬಂದ್!

ನಾನು ವೈರಿಗೆ ಅಡ್ಡ ಕೈ ಹಿಡಿದೆ. ಏಕೆಂದರೆ ಅದೇ ಕಂಪ್ಯೂಟರಿನಲ್ಲಿ ತೆಂಗಿನಕಾಯಿ ಮಂಡಿಯ ರಂಗಣ್ಣನವರ ಮಗಳ ಮದುವೆಯ ಫೋಟೋಗಳೆಲ್ಲ ಇದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಮುಂದಿನ ಮದುವೆಗೆಂದು ಕ್ಯಾಮೆರಾದ ಕಾರ್ಡನ್ನು ನಾನು ಆಗಲೇ ಖಾಲಿ ಮಾಡಿದ್ದೆ. ಬರುವ ಭಾನುವಾರ ಬೀಗರ ಔತಣ. ಅಲ್ಲಿ ಅವನ್ನು ದೊಡ್ಡ ಪರದೆಯ ಮೇಲೆ ತೋರಿಸಬೇಕಿತ್ತು. ತೋರಿಸಲೇಬೇಕಿತ್ತು! ಗಂಡಿನ ದೊಡ್ಡಪ್ಪ ಹಲಗೇಗೌಡರು, ಮದುವೆಯಲ್ಲಿ ನನಗೆ ಪೇಟ ಸುತ್ತಲಿಲ್ಲ, ಶಾಲು ಹೊದಿಸಲಿಲ್ಲ, ಬೀಗರೂಟದ ಎಲೆ ಮುಂದೆ ನಾನು ಕೂರುವುದಿಲ್ಲ ಎಂದು ಹಟ ಹಿಡಿದಿದ್ದರು. ಅವರು ಕೂರದಿದ್ದರೆ ಗಂಡಿನ ಕಡೆಯ ಒಬ್ಬರೂ ಕೂರುವುದಿಲ್ಲ.

ರಂಗಣ್ಣ ಆಗಲೇ ಎರಡು ಸಲ ಬಂದುಹೋಗಿದ್ದರು. "ನಾನೇ ಕೈಯಾರೆ ಪೇಟ ಸುತ್ತಿವ್ನಿ ವಿಶಾಲಮ್ಮ. ಆ ಫೋಟ ಒಂದು ತೋರ್ಸಿದ್ರೆ ದೊಡ್ಡಪ್ಪನ ಬಾಯಿ ಮುಚ್ಚುತ್ತೆ. ಇಲ್ದಿದ್ರೆ ನನ್ ಮಗಳು ಆ ಮನೇಲಿ ತಲೆ ಎತ್ಕೊಂಡು ಓಡಾಡಂಗಿಲ್ಲ!"

"ಇದರಿಂದ ಫೋಟೋಗೆ ಏನೂ ಆಗಲ್ಲ ತಾನೇ ವಿಕ್ರಮಣ್ಣ?" ಎಂದು ಕೇಳಿದೆ.

"ಆಗೋದಾ? ರಕ್ಷಣೆ ಆಗತ್ತಮ್ಮ, ರಕ್ಷಣೆ!" ಎಂದು ಅವರು ವೈರು ಸಿಕ್ಕಿಸಿಯೇಬಿಟ್ಟರು.

ಯಾರೋ ಬಿಟ್ಟುಹೋಗಿದ್ದ ಪೆನ್‌ಡ್ರೈವ್ ಒಂದನ್ನು ಪರೀಕ್ಷೆಗೆ ಚುಚ್ಚಿದರು. ಡಬ್ಬಿ ಗಂಟಲು ಸರಿಮಾಡಿಕೊಂಡಿತು. ಥೇಟ್ ಗೋದತ್ತೆಯ ದನಿ!

"ಯಾರೋ ನೀನು? ಯಾರ ಕಡೆಯೋನು? ಎಲ್ಲೆಲ್ಲಿ ಅಲೆದು ಬಂದೆ? ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರು, ಕಾಲೇಜು, ಮತ್ತೆ ಜೆರಾಕ್ಸ್ ಅಂಗಡಿ... ರಾಮ ರಾಮ! ಕಂಡಕಂಡಲ್ಲಿ ಬಾಯಿ ಹಾಕ್ಕೊಂಡು ಬಂದು ನೆಟ್ಟಗೆ ನಡುಮನೆಗೆ ನುಗ್ತಾ ಇದೀಯಲ್ಲೋ! ನಡಿ ಹಿತ್ತಿಲಿಗೆ!"

ಹಸಿರು ಹೋಗಿ ಕೆಂಪು ಬಂತು. ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಸರಸರ ಸದ್ದಾಯಿತು. ಆ ಪೆನ್‌ಡ್ರೈವಿನಲ್ಲಿದ್ದ ವೈರಸ್ಸುಗಳೆಲ್ಲ 'ಹಿತ್ತಿಲು' ಎಂಬ ಫೋಲ್ಡರಿನಲ್ಲಿ ಸಾಲಾಗಿ ಬಂದು ಬಿದ್ದವು. ಆಮೇಲೆ ಡಬ್ಬಿ ನನ್ನ ಮೂರು ಆಂಟಿವೈರಸ್ಸುಗಳತ್ತ ತಿರುಗಿ, "ನೀವ್ಯಾರ್ರಪ್ಪಾ? ಹೆಂಗಸರಿರೋ ಮನೇಲಿ ನಿಮಗೇನು ಕೆಲಸ?" ಎಂದು ಮೂವರನ್ನೂ ಅಲ್ಲಿಗೇ ಅಟ್ಟಿ, ಮತ್ತೆ ಹಸಿರು ದೀಪ ಹಾಕಿಕೊಂಡಿತು. ನಿಜ ಹೇಳಬೇಕೆಂದರೆ ನನಗೆ ಬಲು ಖುಷಿಯಾಯಿತು. "ಭೇಷ್!" ಎಂದು ಈ ಸಲ ಮನಸಾರೆ ಹೇಳಿದೆ.

ಮರುದಿನ ಬೆಳಿಗ್ಗೆ ಪಾಸ್‌ಪೋರ್ಟ್ ಫೋಟೋಗೆ ಬಂದ ಗಿರಾಕಿಯೊಬ್ಬರ ಮೊಬೈಲನ್ನು ಜೋಡಿಸಿದೆ. ಡಬ್ಬಿ ಅದರ ವಿಚಾರಣೆ ಮುಗಿಸಿ ಹಿತ್ತಿಲಿಗೆ ಕಳಿಸಿತು. ಅಲ್ಲಿಗೆ ಬಿಟ್ಟಿದ್ದರೆ ಸರಿಯಿತ್ತು.

"ಆ ಮೊಬೈಲನ್ನು ಮುಟ್ಟಿದ ವೈರು ಯಾವುದು? ಅದೂ ಮೈಲಿಗೆ. ಆ ವೈರು ತಾಗಿದ ಪ್ರಿಂಟರೂ ಮೈಲಿಗೆ. ಪ್ರಿಂಟರಿಗೆ ಹೇಳಿಕೊಟ್ಟ ಮೌಸೂ ಮೈಲಿಗೆ! ಎಲ್ರೂ ಹೋಗಿ ಸ್ನಾನ ಮಾಡ್ಕೊಂಡು ಬನ್ನಿ!"

ಸ್ನಾನವೆಂದರೆ ಕಂಪ್ಯೂಟರ್ ಆರಿ ಮತ್ತೆ ಹತ್ತಿಕೊಳ್ಳುವುದು. ಹತ್ತಿಕೊಂಡ ಮೇಲೆ ಮೌಸನ್ನು ಮುಟ್ಟಿದೆ. "ಕೈ ತೊಳೆದ್ಯೇನೇ?" ಎಂದಿತು ಡಬ್ಬಿ. ತೊಳೆದು ಬಂದು ಮುಟ್ಟಿದೆ. "ಒದ್ದೆ ಕೈಯಲ್ಲಿ ಮುಟ್ಟಿದ್ಯಲ್ಲೇ!" ಎಂದು ಮತ್ತೆ ಸ್ನಾನಕ್ಕೆ ಹೋಯಿತು. ಗಿರಾಕಿ ಕೈಗಡಿಯಾರ ನೋಡಿಕೊಂಡರು, ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಎದುರು ಬೀದಿಯ ಸ್ಟುಡಿಯೋಗೆ ಹೋದರು.

ನಾನು ಮಹಡಿ ಹತ್ತಿ ಜಗಳಕ್ಕೆ ನಿಂತೆ. "ವಿಕ್ರಮಣ್ಣ, ನಿಮ್ಮ ಡಬ್ಬಿ ಬೆಳಗಿನಿಂದ ಸ್ನಾನ ಮಾಡ್ತಾನೇ ಇದೆ! ಕೆಲಸ ಯಾವಾಗ ಮಾಡೋದು?"

"ಎಷ್ಟು ಸೂಕ್ಷ್ಮ ನೋಡಿದ್ಯಾ!" ಅವರ ಕಣ್ಣು ಹೊಳೆಯುತ್ತಿತ್ತು. "ಒಂದು ರೈಲು ನಿಂತ ಕಡೆಯೇ ನಿಂತಿದ್ರೆ ಯಾವತ್ತಾದ್ರೂ ಅಪಘಾತ ಆಗತ್ತೇನಮ್ಮ?"

"ಊರಿಗೂ ಹೋಗಲ್ಲವಲ್ಲ!"

"ಅದು ಬೇರೆ ಇಲಾಖೆ," ಎಂದರು.

ಶನಿವಾರ ಬೇರೆಯೆಲ್ಲ ಕೆಲಸ ಬದಿಗಿಟ್ಟು ರಂಗಣ್ಣನವರ ಮದುವೆಯ ಫೋಲ್ಡರ್ ತೆರೆದೆ. ಡಬ್ಬಿ ಕಿರುಚಿದ ರಭಸಕ್ಕೆ ಮೇಜಿನ ಮೇಲಿದ್ದ ಕಾಫಿ ಲೋಟ ನಡುಗಿತು.

"ಅಯ್ಯಯ್ಯೋ! ಇಷ್ಟೊಂದು ಜನ! ಇವರೆಲ್ಲ ಯಾವಾಗ ಒಳಗೆ ಬಂದ್ರು? ಯಾರ ಕಡೆಯೋರು?"

ನೋಡನೋಡುತ್ತಿದ್ದಂತೆ ಇಡೀ ಮದುವೆ ಹಿತ್ತಿಲಿಗೆ ಹೋಯಿತು! ಧಾರೆಯೆರೆಯುತ್ತಿದ್ದವರು ಧಾರೆಯೆರೆಯುತ್ತಲೇ ಹೋದರು. ನಾನು ವೈರು ಕೀಳಲು ಕೈ ಚಾಚಿದವಳು ರೈಲ್ವೆಯ ನಿಯಮ ನೆನಪಾಗಿ ಕೈ ಹಿಂದಕ್ಕೆಳೆದುಕೊಂಡೆ. ಕಿತ್ತಿದ್ದರೆ ಬಾಗಿಲು ಮತ್ತೆ ತೆರೆಯುವಂತೆಯೇ ಇರಲಿಲ್ಲ. ಒಬ್ಬ ಹುಡುಗಿಯ ಮದುವೆಯೇ ಈ ಟಿಫಿನ್ ಕ್ಯಾರಿಯರಿನೊಳಗೆ ಸಿಕ್ಕಿಬಿದ್ದಿತ್ತು, ಸಿಕ್ಕಿಸಿದವಳು ನಾನು! ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ವಿಕ್ರಮಣ್ಣ ಓಡಿಬಂದು ತಲೆ ಕೆರೆದುಕೊಂಡರು. "ಬಾಗಿಲಿಗೆ ಬಂದವರ ಮುಖ ನೋಡದೆ ಕಾವಲು ಹೇಗೆ ಅಂತ, ಫೋಟೋದಲ್ಲಿರೋ ಮುಖ ಗುರುತಿಸೋ ವಿದ್ಯೆಯನ್ನೂ ನನ್ನ ಮುಖದ ಮೇಲೇ ಕಲಿಸಿ ಹಾಕಿದ್ದೆ. ಚಿಂತೆ ಬೇಡ. ಗುರುತು ಹೇಳಿದರೆ ಬಿಡತ್ತೆ. ಯಾರ ಮದುವೆ ಇದು?"

"ಮಂಡಿ ರಂಗಣ್ಣನ ಮಗಳದು."

ವಿಕ್ರಮಣ್ಣನ ಮುಖ ಯಾಕೋ ಸಪ್ಪಗಾಯಿತು. "ಆ ಮದುವೆಯೇ?" ಎಂದರು. "ಅಷ್ಟು ಹಟ ಯಾಕಮ್ಮ? ಬೇರೆ ಮದುವೆ ಫೋಟೋ ತೋರಿಸಿದರೆ ಆಗಲ್ವಾ? ಎಲ್ಲಾ ಮದುವೆಯೂ ಒಂದೇ ಥರ ಇರತ್ತೆ."

ನಾನು ಕೈಗೆ ಸಿಕ್ಕಿದ ಟ್ರೈಪಾಡು ಎತ್ತಿಕೊಂಡೆ. ಅವರು ಲಗುಬಗೆಯಿಂದ ಮೈಕು ಒರೆಸಿಟ್ಟರು.

ಭಾನುವಾರ ಬೆಳಿಗ್ಗೆ ರಂಗಣ್ಣ ಬಂದರು. ಅವರ ಬೆನ್ನಿಗೇ, "ಆ ಫೋಟ ಏನೈತೋ ನಾನೂ ನೋಡ್ತೀನಿ" ಎಂದು ಬಿಳಿ ಮೀಸೆಯ ಹಲಗೇಗೌಡರೂ ಬಂದು ಕುರ್ಚಿ ಎಳೆದುಕೊಂಡು ಬಾಗಿಲಿಗೆ ಅಡ್ಡ ಕೂತರು. ವಿಕ್ರಮಣ್ಣ ಮೂಲೆಯಲ್ಲಿ ಮುದುಡಿ ನಿಂತಿದ್ದರು. ಕೆಂಪು ದೀಪದ ಕೆಳಗೆ ಒಂದೊಂದೇ ಮುಖ ಬರತೊಡಗಿತು.

"ಇವನ್ಯಾರು?"

"ನಮ್ ಚಿಕ್ಕಪ್ಪನ ಮಗ ಕಣವ್ವ, ಬಾಣಾವರದೋನು," ಎಂದರು ರಂಗಣ್ಣ ಮೈಕಿಗೆ ಕೈಮುಗಿದು.

"ಅಪ್ಪನ ಕಡೆಯ ಚಿಕ್ಕಪ್ಪನೋ, ಅಮ್ಮನ ಕಡೆಯೋ? ಹೆಂಡತಿ ಯಾವ ಊರೋಳು? ಮಕ್ಕಳೆಷ್ಟು? ಸರಿ, ಒಳಗೆ ಬಾಪ್ಪ."

ಹೀಗೆ ಸೋದರಮಾವಂದಿರು ಬಂದರು, ಷಡ್ಡಕರು ಬಂದರು, ಓರಗಿತ್ತಿಯರು ಬಂದರು. ಗೌಡರೂ ತಮ್ಮ ಕಡೆಯವರ ವಂಶಾವಳಿ ಒಪ್ಪಿಸತೊಡಗಿದರು. ನಡುನಡುವೆ ಯಾರಿಗೂ ಗುರುತು ಸಿಗದ ಮುಖಗಳು ಬರುತ್ತಿದ್ದವು.

"ಇವನು ನಿಮ್ ಕಡೆಯೋನಲ್ವಾ ಗೌಡ್ರೇ?"

"ನಿಮ್ ಕಡೆಯೋನು ಅಂದ್ಕೊಂಡು ನಾನು ಅವನಿಗೆ ಎಲೆ ಅಡಿಕೆ ಕೊಟ್ನಲ್ರೀ!"

"ಮೂರು ಸಲ ಹೋಳಿಗೆ ಹಾಕಿಸ್ಕೊಂಡ ಕಣ್ರೀ!"

ಎರಡೂ ಕಡೆಯವರು ಇನ್ನೊಂದು ಕಡೆಯವರೆಂದುಕೊಂಡು ಉಪಚರಿಸಿದ ಮಂದಿ ಎರಡು ಪಂಕ್ತಿಗೆ ಆಗುವಷ್ಟಿದ್ದರು! ಆ ಊಟದ ಸಿಟ್ಟಿನಲ್ಲಿ ಬೀಗರಿಬ್ಬರೂ ಒಂದಾಗುತ್ತಿರುವುದನ್ನು ನೋಡಿ ನನಗೆ ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ ಆ ಫೋಟೋ ಬಂತು. ರಂಗಣ್ಣ ನಗುನಗುತ್ತಾ ಪೇಟ ಸುತ್ತುತ್ತಿದ್ದಾರೆ, ಜರಿ ಶಾಲು ಭುಜದ ಮೇಲಿದೆ, ಹಾರ ಗಲ್ಲದವರೆಗೆ ಬಂದಿದೆ. ಪೇಟಕ್ಕೂ ಹಾರಕ್ಕೂ ನಡುವೆ ಒಂದು ಬಿಳಿ ಮೀಸೆ.

"ನೋಡಿ ಗೌಡ್ರೇ! ನೋಡಿ!" ರಂಗಣ್ಣ ಎದ್ದು ನಿಂತರು. "ಇದ್ಯಾರು? ನೀವಲ್ವಾ?"

ಗೌಡರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು.

"ಮೀಸೆ ನಂದೇ ಥರ ಐತೆ," ಎಂದರು. "ಮೂತಿ ನಂದಲ್ಲ."

"ಹಂಗಂದ್ರೆ? ನಿಮ್ ಕಡೆಯೋರೇ ತಾನೇ ಹೇಳಿದ್ದು, ದೊಡ್ಡಪ್ಪ ಮೊದಲನೇ ಪಂಕ್ತೀಲಿ ಕೂತವ್ರೆ, ಬಿಳಿ ಮೀಸೆಯೋರು ಅಂತ! ಆವತ್ತು ನಾನು ಸುತ್ತಿದ ಪೇಟ ಒಂದೋ ಎರಡೋ? ಮುಖ ಯಾವನು ನೋಡ್ದ?"

ಕ್ಯಾಮೆರಾ ಹಿಡಿದ ನಾನೂ ನೋಡಿರಲಿಲ್ಲ. ನಮಗೆ ಪೇಟ ಕಂಡರೆ ಸಾಕು, ಗುಂಡಿ ಒತ್ತುತ್ತೇವೆ.

ಡಬ್ಬಿ ಮಾತ್ರ ನೋಡಿತು. ಫೋಟೋವನ್ನು ದೊಡ್ಡದು ಮಾಡಿತು, ಹಾರವನ್ನು ಸರಿಸಿದಂತೆ ಮಾಡಿ ಇಣುಕಿತು. ಇಡೀ ಬೀದಿಗೆ ಕೇಳುವಂತೆ ಕೂಗಿತು: "ಅಯ್ಯೋ! ಇವನು ನಮ್ಮ ತ್ರಿವಿಕ್ರಮ ಅಲ್ವೇನೇ!"

ಎಲ್ಲರೂ ಮೂಲೆಯತ್ತ ತಿರುಗಿದೆವು. ವಿಕ್ರಮಣ್ಣ ಬಾಗಿಲ ಕಡೆ ನೋಡಿದರು. ಅಲ್ಲಿ ಗೌಡರ ಕುರ್ಚಿ ಅಡ್ಡವಿತ್ತು.

"ಅದು... ವೈಜ್ಞಾನಿಕ ಕುತೂಹಲದಿಂದ... ಅಷ್ಟು ಜನಕ್ಕೆ ಒಂದೇ ಒಲೇಲಿ ಸಾರು ಹೇಗೆ ಕುದಿಸ್ತಾರೆ ಅಂತ ನೋಡೋಕೆ..."

"ಮೊದಲನೇ ಪಂಕ್ತೀಲಿ ಕೂತ್ಕೊಂಡಾ ವಿಕ್ರಮಣ್ಣ?" ಎಂದೆ.

"ಹೋಳಿಗೆ ಇತ್ತು ಕಣೆ," ಎಂದರು ತಗ್ಗಿದ ದನಿಯಲ್ಲಿ. ಆಮೇಲೆ ನೆಲ ನೋಡುತ್ತಾ ಹೇಳಿದರು: "ಇವರು ಬಂದು ಪೇಟ ಸುತ್ತಿದರು. ನನ್ನ ಸಂಶೋಧನೆಗಳ ಸುದ್ದಿ ಕಡೆಗೂ ಊರಿಗೆ ತಲುಪಿತು ಅಂದುಕೊಂಡೆ. ಯಾಕೆ ಅಂತ ಕೇಳೋದಕ್ಕೆ ನಾಚಿಕೆಯಾಯ್ತು."

ಪಾಪ ಅನ್ನಿಸಿತು. ಅಲ್ಲಿಯವರೆಗೆ ಅವರ ತಲೆಗೆ ಯಾರೂ ಏನೂ ಸುತ್ತಿರಲಿಲ್ಲ, ಗೋದತ್ತೆ ಒಮ್ಮೆ ಒದ್ದೆ ಬಟ್ಟೆ ಸುತ್ತಿದ್ದನ್ನು ಬಿಟ್ಟರೆ.

ಹಲಗೇಗೌಡರಿಗೆ ಪಾಪ ಅನ್ನಿಸಲಿಲ್ಲ. "ಕರೀದೆ ಬಂದೋನಿಗೆ ಪೇಟ, ಗಂಡಿನ ದೊಡ್ಡಪ್ಪಂಗೆ ಬರೀ ತಲೆ! ನಾನು ಹೇಳಿದ್ದು ಸುಳ್ಳಾ? ರಂಗಣ್ಣೋರೇ, ನಿಮ್ ಬೀಗರೂಟ ನೀವೇ ಉಣ್ಣಿ!" ಎಂದು ಹೆಗಲ ಮೇಲಿನ ಟವೆಲ್ಲು ಒದರಿ ಎದ್ದೇಬಿಟ್ಟರು. ರಂಗಣ್ಣ ಆ ಟವೆಲ್ಲಿನ ತುದಿ ಹಿಡಿದು ನಿಂತರು. ಸಾಕ್ಷಿಯೆಂದು ಕಾಯುತ್ತಿದ್ದ ಫೋಟೋವೇ ಅವರ ಮೇಲೆ ಸಾಕ್ಷಿ ಹೇಳಿತ್ತು.

ಆಗ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ತಮ್ಮದೇ ದನಿ ಬೀದಿಯಲ್ಲಿ ಕೂಗುತ್ತಿರುವುದನ್ನು ಕೇಳಿ ನಿಜವಾದ ಗೋದತ್ತೆ ಇಳಿದುಬಂದಿದ್ದರು. ವಿಷಯ ಕೇಳಿದರು. ಸೋದರಳಿಯನನ್ನು ಮೇಲಿನಿಂದ ಕೆಳಗೆ ನೋಡಿದರು. ಈಗ ಸಿಡಿಲು ಬಡಿಯುತ್ತದೆ ಎಂದು ನಾನು ಕಿವಿ ಮುಚ್ಚಿಕೊಂಡೆ. ಅವರು ಗೌಡರ ಕಡೆ ತಿರುಗಿದರು.

"ಕೂತ್ಕೊಳ್ಳಿ ಗೌಡ್ರೇ. ಮದುವೆ ಮನೇಲಿ ಎಲೆ ಮುಂದೆ ಕೂತೋನನ್ನ ಯಾರ ಕಡೆಯೋನು ಅಂತ ಕೇಳಬಾರದು. ಮದುವೇಲಿ ಮಡಿ ಇಲ್ಲ, ಮೈಲಿಗೆ ಇಲ್ಲ. ಬಂದೋರೆಲ್ಲ ನಮ್ಮೋರೇ."

ಡಬ್ಬಿ ಒಂದು ಕ್ಷಣ ಗರಗರ ಎಂದಿತು. "ಹೌದೇ? ಹಾಗಂತ ಮೊದಲೇ ಹೇಳಬಾರದಿತ್ತೇ!" ಎಂದಿತು. ಕೆಂಪು ಹೋಗಿ ಹಸಿರು ಬಂತು!

"ವಿಕ್ರಮಣ್ಣ, ಈ ಮಾತನ್ನ ನೀವು ಡಬ್ಬಿಗೆ ತುಂಬಿರಲಿಲ್ವಾ?"

"ವಿನಾಯಿತಿಗಳನ್ನೆಲ್ಲ ತೆಗೆದುಹಾಕಿದ್ದೆ. ಕಾವಲು ಅಂದಮೇಲೆ ವಿನಾಯಿತಿ ಎಂಥದ್ದು?"

"ಅಯ್ಯೋ ಮಂಕೇ!" ಗೋದತ್ತೆ ಹಣೆ ಚಚ್ಚಿಕೊಂಡರು. "ವಿನಾಯಿತಿ ಇಲ್ಲದೆ ನಾನು ಮಡಿ ಮಾಡಿದ್ದಿದ್ರೆ ನೀನು ಯಾವತ್ತೋ ಉಪವಾಸ ಸಾಯ್ತಿದ್ದೆ. ಹೋಗು, ಮೇಲೆ ಹೋಗಿ ಆ ಪೇಟ, ಶಾಲು ತಗೊಂಡು ಬಾ!"

ವಿಕ್ರಮಣ್ಣ ತಂದರು. ರಂಗಣ್ಣ ಈ ಸಲ ಮುಖವನ್ನು ಚೆನ್ನಾಗಿ ನೋಡಿ, ಇನ್ನೊಮ್ಮೆ ನೋಡಿ, ಹಲಗೇಗೌಡರ ತಲೆಗೆ ಪೇಟ ಸುತ್ತಿದರು. ನಾನು ಫೋಟೋ ಹೊಡೆದೆ. ಗೌಡರು ಕನ್ನಡಿಯಲ್ಲಿ ನೋಡಿಕೊಂಡು ಮೀಸೆ ತಿರುವಿದರು. ರಂಗಣ್ಣ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

"ಬೀಗರೂಟಕ್ಕೆ ನೀವೂ ಬನ್ನಿ ರಾಯ್ರೇ," ಎಂದರು ಗೌಡರು ಧಾರಾಳವಾಗಿ. "ಈ ಸಲ ಕರೆದಿವ್ನಿ. ಕುರಿ ಕಡಿಸವ್ರೆ."

ವಿಕ್ರಮಣ್ಣ ಆಸೆಯಿಂದ ಅತ್ತೆಯ ಕಡೆ ನೋಡಿದರು.

"ಮದುವೆ ಮುಗೀತು," ಎಂದರು ಗೋದತ್ತೆ, ಆಗಲೇ ಹೊರಗೆ ಮೆಟ್ಟಿಲು ಹತ್ತುತ್ತಾ. "ಮಡಿ ಶುರು. ನಡಿ ಮೇಲಕ್ಕೆ!"

ಹಸಿರು ದೀಪ ಇರುವಾಗಲೇ ನಾನು ಫೋಟೋಗಳನ್ನೆಲ್ಲ ಹೊಸ ಡಿಸ್ಕಿಗೆ ತುಂಬಿಕೊಂಡೆ. ಒಂದು ಮಾತ್ರ ಬರಲಿಲ್ಲ, ವಿಕ್ರಮಣ್ಣನ ಪೇಟದ ಫೋಟೋ. ಎಷ್ಟು ಒತ್ತಿದರೂ ಡಬ್ಬಿ, "ಅದೊಂದು ಕೇಳಬೇಡಮ್ಮ, ನಮ್ಮನೆ ಮಾನದ ಪ್ರಶ್ನೆ" ಎಂದು ಅದನ್ನು ಬಚ್ಚಿಟ್ಟುಕೊಂಡಿತು. ಇರಲಿ ಎಂದು ಉಳಿದದ್ದನ್ನು ಹಿಡಿದುಕೊಂಡು ಓಡಿದೆ. ಬೀಗರೂಟ ಸಾಂಗವಾಗಿ ನಡೆಯಿತು. ಪರದೆಯ ಮೇಲೆ ಹಲಗೇಗೌಡರ ಪೇಟ ಬಂದಾಗ ಜನ ಶಿಳ್ಳೆ ಹೊಡೆದರು. ಹುಡುಗಿ ದೊಡ್ಡಮಾವನ ಪಕ್ಕದಲ್ಲೇ ಕೂತು ನಗುತ್ತಿದ್ದಳು.

ಮರುದಿನ ಬಂದು ಸ್ಟುಡಿಯೋ ಬಾಗಿಲು ತೆರೆದರೆ ಡಬ್ಬಿಯ ಉಪಚಾರದ ದನಿ ಕೇಳಿಸಿತು.

"ಸಂಕೋಚ ಬೇಡಪ್ಪ, ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ! ಬಂದೋರೆಲ್ಲ ನಮ್ಮೋರೇ!"

ಗೋದತ್ತೆ ಮೆಟ್ಟಿಲ ಮೇಲೆ ಆಡಿದ ಮಾತು ಮೈಕಿಗೆ ಬಿದ್ದಿರಲಿಲ್ಲ, ಅದರ ಪಾಲಿಗೆ ಮದುವೆ ಮುಗಿದೇ ಇರಲಿಲ್ಲ. ಹಿತ್ತಿಲಲ್ಲಿದ್ದ ವೈರಸ್ಸುಗಳನ್ನೆಲ್ಲ ಒಳಗೆ ಕರೆದು, ಸಾಲಾಗಿ ಕೂರಿಸಿ, ನನ್ನ ಫೈಲುಗಳನ್ನು ಒಂದೊಂದಾಗಿ ಬಡಿಸುತ್ತಿತ್ತು! ಜಾತ್ರೆಯ ಫೋಟೋ ಹೋಗಿತ್ತು, ಶಾಲೆಯ ಗ್ರೂಪ್ ಫೋಟೋಗಳು ಹೋಗಿದ್ದವು, ಕಡೆಗೆ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರನ್ನೂ ಮಜ್ಜಿಗೆ ಅನ್ನಕ್ಕೆ ಮುಗಿಸಿದರು. ಪರದೆ ಕಪ್ಪಾಗುವ ಮುಂಚೆ ಕಂಪ್ಯೂಟರಿನಲ್ಲಿ ಉಳಿದಿದ್ದದ್ದು ಒಂದೇ ಒಂದು ಫೈಲು. ಪೇಟ ಸುತ್ತಿಕೊಂಡ ವಿಕ್ರಮಣ್ಣ ನಗುತ್ತಿದ್ದರು, ಒಂದು ಚುಕ್ಕೆಯೂ ಕೆಟ್ಟಿರಲಿಲ್ಲ.

ಯಾವ ಆಂಟಿವೈರಸ್ ಹಾಕಿಸಲಿ ಎಂದು ಗಿರಾಕಿಗಳು ಈಗ ನನ್ನನ್ನೇ ಕೇಳುತ್ತಾರೆ. ಮುಖ್ಯವಾದದ್ದು ಏನಾದರೂ ಇದ್ದರೆ ಅಂಗಡಿಯಲ್ಲಿ ಸಿಗುವ ಯಾವುದನ್ನಾದರೂ ಒಂದನ್ನು ಹಾಕಿಸಿ, ಮುಚ್ಚಿಡಬೇಕಾದದ್ದು ಇದ್ದರೆ ಮಹಡಿಯ ಮೇಲೆ ವಿಚಾರಿಸಿ ಎನ್ನುತ್ತೇನೆ.